ಓದದೆ ಬಿಟ್ಟ ಮಾತು

ರಾಗದ್ವೇಷಗಳನ್ನು ಗೆದ್ದ ಜಿನೇಶ್ವರನಿಗೆ ವಂದನೆ. ಆತನ ನುಡಿಯನ್ನು ಕಿವಿಯಿಂದ ಕಿವಿಗೆ, ಕಿವಿಯಿಂದ ಓಲೆಗೆ ದಾಟಿಸಿ, ತಮ್ಮ ಹೆಸರನ್ನು ಎಲ್ಲಿಯೂ ಬರೆಯದೆ ಹೋದ ಲಿಪಿಕಾರರಿಗೆ ವಂದನೆ.

ವೀರನಿರ್ವಾಣ ಸಂವತ್ ೨೫೫೧. ವಿಶ್ವಾವಸು ಸಂವತ್ಸರದ ಜ್ಯೇಷ್ಠ ಶುದ್ಧ ಪಂಚಮಿ, ಶ್ರುತಪಂಚಮಿಯ ಪುಣ್ಯದಿನ.

೩೧ ಮೇ ೨೦೨೫, ಶನಿವಾರ. ಗಡಹಿಂಗ್ಲಜ. ಬೆಳಿಗ್ಗೆ ೧೧

ಬಸದಿಯಿಂದ ಈಗ ಬಂದೆ. ಶಾಸ್ತ್ರಪೂಜೆ ಸಾಂಗವಾಯಿತು. ಓಲೆಯ ಕಟ್ಟುಗಳನ್ನು ಬಿಚ್ಚಿ, ಮೃದುವಾದ ಕುಂಚದಿಂದ ಧೂಳು ತೆಗೆದು, ಹೊಸ ಕೆಂಪು ಬಟ್ಟೆಯಲ್ಲಿ ಕಟ್ಟಿಟ್ಟೆವು. ಹುಳು ಕಂಡರೆ ಕೊಲ್ಲದೆ, ಕಾಗದದ ಮೇಲೆ ಹತ್ತಿಸಿ ಹೊರಗೆ ಬಿಡುವ ಕೆಲಸ ಪ್ರತಿವರ್ಷ ನನ್ನ ಹೆಂಡತಿ ಶಾಲನಳದು. ಈ ಸಲವೂ ಅವಳೇ ಮಾಡಿದಳು. ನಾಲ್ಕು ಹುಳು.

"ಹೋಗ್ರಪಾ, ಇಷ್ಟು ಶಾಸ್ತ್ರ ತಿಂದೀರಿ, ಮುಂದಿನ ಜನ್ಮಕ್ಕ ಪಂಡಿತರರ ಆಗ್ರಿ" ಎಂದಳು.

ನಕ್ಕೆ. ಆಮೇಲೆ ಒಳಗೆ ಬಂದು ಈ ಡೈರಿ ತೆರೆದೆ.

ಬರೆಯಲೇಬೇಕು, ಬೇರೆಲ್ಲಿಯೂ ಹೇಳುವಂತಿಲ್ಲ. ಕಳೆದ ಮಂಗಳವಾರ ಕೊಲ್ಹಾಪುರದಲ್ಲಿ ಅವಳಿಗೆ ಸ್ಕ್ಯಾನ್ ಆಯಿತು. ಬಲ ಮೂತ್ರಪಿಂಡದಲ್ಲಿ ನಾಲ್ಕೂವರೆ ಸೆಂಟಿಮೀಟರಿನ ಗಡ್ಡೆ. ಕ್ಯಾನ್ಸರ್. ಡಾಕ್ಟರ್ ಸಾಯಲಿಯವರು ನನ್ನನ್ನೂ ಮಗ ಅರಿಹಂತನನ್ನೂ ಮಾತ್ರ ಒಳಗೆ ಕರೆದು ಹೇಳಿದರು — ಹಬ್ಬಿದಂತೆ ಕಾಣುವುದಿಲ್ಲ, ಶಸ್ತ್ರಕ್ರಿಯೆಯಿಂದ ತೆಗೆಯಬಹುದು, ಜೂನ್ ೨೪ಕ್ಕೆ ದಿನ ಗೊತ್ತುಮಾಡೋಣ. ಶಾಲನ ಹೊರಗೆ ಜಪಮಾಲೆ ಹಿಡಿದು ಕುಳಿತಿದ್ದಳು. ಅರಿಹಂತ ಹೊರಬಿದ್ದವನೇ, "ಅವ್ವಾ, ನೀರಿನ ಗುಳ್ಳಿ ಐತಂತ. ತಗದ್ರ ಮುಗೀತು" ಎಂದುಬಿಟ್ಟ. ಅವಳು ನನ್ನ ಮುಖ ನೋಡಿದಳು. ನಾನು ಚಪ್ಪಲಿ ಹುಡುಕಿದೆ.

ಕಾರಣ ಇಲ್ಲದಿಲ್ಲ. ಅವಳ ಅಕ್ಕ ಆ ರೋಗದ ಹೆಸರು ಕೇಳಿದ ದಿನವೇ ಸಲ್ಲೇಖನವೆಂದು ಅನ್ನ ಬಿಟ್ಟರು. ತಿಂಗಳೊಳಗೆ ದೇಹವನ್ನೂ ಬಿಟ್ಟರು. ಶಾಲನಳೂ ಹೆಸರು ಕೇಳಿ, ಶಸ್ತ್ರಕ್ರಿಯೆ ಬೇಡವೆಂದು ಕೈಮುಗಿದು ಕುಳಿತರೆ? ವ್ರತ ಹಿಡಿದರೆ ಬಿಡಿಸಬಲ್ಲವರು ಈ ಮನೆಯಲ್ಲಿ ಯಾರೂ ಇಲ್ಲ.

ಆದರೂ... ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಮುನಿಗಳ ಸಮ್ಮುಖದಲ್ಲಿ, ಸುಳ್ಳಾಡೆನೆಂಬ ಸತ್ಯಾಣುವ್ರತ ತೆಗೆದುಕೊಂಡವನು ನಾನು. ಈಗ ಎಪ್ಪತ್ಮೂರು. ಸುಳ್ಳು ಹೇಳಿದವನು ಮಗ, ನಾನು ಸುಮ್ಮನಿದ್ದೆ ಅಷ್ಟೆ ಎಂದು ಮನಸ್ಸು ವಕೀಲಿ ಮಾಡುತ್ತಿದೆ.

೩ ಜೂನ್, ಮಂಗಳವಾರ. ಸಂಜೆ ೫

ಸೋನಲ ಬಂದಿದ್ದಾಳೆ. ಅರಿಹಂತನ ಮಗಳು. ಕೊಲ್ಹಾಪುರದ ಪ್ರಯೋಗಶಾಲೆಯೊಂದರಲ್ಲಿ ಮೂರು ವರ್ಷದಿಂದ ಪಿಎಚ್‌.ಡಿ. ವಿಷಯ — ಮೂತ್ರಪಿಂಡದ ಕ್ಯಾನ್ಸರ್. ಇದನ್ನು ಯೋಗವೆನ್ನಬೇಕೋ ಕರ್ಮೋದಯವೆನ್ನಬೇಕೋ ತಿಳಿಯದು. ಇಷ್ಟು ದಿನ ಮೊಮ್ಮಗಳ ಓದು ಎಂಬ ಹೆಮ್ಮೆಯಷ್ಟೇ ಇತ್ತು. ಇಂದು ಮೊದಲ ಬಾರಿಗೆ ಕೇಳಿದೆ — ನೀನು ಅಲ್ಲಿ ಏನನ್ನು ಹುಡುಕುತ್ತಿರುವೆ?

"ಅಜ್ಜಾ, ಒಂದೊಂದು ಜೀವಕೋಶದಾಗ ಒಂದು ದೊಡ್ಡ ಗ್ರಂಥ ಐತಿ ಅಂತ ತಿಳ್ಕೋರಿ. ಅದು ಡಿಎನ್ಎ. ಗ್ರಂಥ ಕಪಾಟ ಬಿಟ್ಟು ಹೊರಗ ಬರೂದಿಲ್ಲ. ಬೇಕಾದ ಪುಟದ್ದು ಒಂದು ನಕಲು ತಗದು ಕಳಸ್ತಾರ, ಅದು ಆರ್‌ಎನ್ಎ. ಆ ನಕಲು ಓದಿ ಪ್ರೋಟೀನ್ ಕಟ್ತಾರ."

"ಅಂದರೆ ಲಿಪಿಕಾರನ ಕೆಲಸ."

"ಹ್ಞಾಂ! ಆದ್ರ ಕೆಲವು ಆರ್‌ಎನ್ಎ ಭಾಳ ಸಣ್ಣವು. ಇಪ್ಪತ್ತೆರಡು ಅಕ್ಷರ, ಅಷ್ಟ. ಅವನ್ನ ಓದಿ ಏನೂ ಕಟ್ಟಾಕ ಬರೂದಿಲ್ಲ. ಅವು ಏನ್ ಮಾಡ್ತಾವಂದ್ರ, ದೊಡ್ಡ ನಕಲಿಗೆ ಹೋಗಿ ಅಂಟ್ಕೊಂಡು ಅದನ್ನ ಓದಗೊಡೂದಿಲ್ಲ."

ಎದ್ದು ಹೋಗಿ ನಾನು ನಕಲು ಮಾಡುತ್ತಿರುವ ಹಳೆಯ ಓಲೆಪ್ರತಿಯನ್ನು ತಂದೆ. ಲಿಪಿಕಾರ ತಪ್ಪಿ ಬರೆದ ಅಕ್ಷರವನ್ನು ಕೆರೆದು ಹಾಕುತ್ತಿರಲಿಲ್ಲ; ಅದರ ನೆತ್ತಿಯ ಮೇಲೆ ಸಣ್ಣ ಚುಕ್ಕೆಯಿಡುತ್ತಿದ್ದ. ಇದನ್ನು ಓದಬೇಡ ಎಂಬ ಗುರುತು. ಚುಕ್ಕೆಗೆ ತನ್ನದೇ ಉಚ್ಚಾರವಿಲ್ಲ, ಅರ್ಥವಿಲ್ಲ. ಓದುವವನ ನಾಲಿಗೆಯನ್ನು ತಡೆಯುವುದಷ್ಟೇ ಅದರ ಕೆಲಸ.

ಸೋನಲ ಆ ಚುಕ್ಕೆಯನ್ನು ಬಹಳ ಹೊತ್ತು ನೋಡಿದಳು. "ಅಜ್ಜಾ, ಮೂರು ವರ್ಷ ನಾ ಪಿಪಿಟಿ ಮಾಡಿ ಹೇಳೂದು ನೀವು ಒಂದು ಓಲಿ ತೋರಿಸಿ ಹೇಳಿದ್ರಿ!"

ಈ ರೋಗದಲ್ಲಿ ಕೆಲವು ಚುಕ್ಕೆಗಳು ಅಳಿದುಹೋಗುತ್ತವಂತೆ. ಓದಬಾರದ್ದನ್ನು ದೇಹ ಓದುತ್ತ ಹೋಗುತ್ತದೆ. ಕೆಲವು ಬೇಡದ ಕಡೆ ಹೆಚ್ಚುತ್ತವೆ, ಓದಬೇಕಾದ್ದು ಮೂಕವಾಗುತ್ತದೆ. ಗಡ್ಡೆಯ ತುಣುಕನ್ನೂ ಪಕ್ಕದ ಆರೋಗ್ಯವಂತ ತುಣುಕನ್ನೂ ಇಟ್ಟು ಇವಳು ಪಾಠಾಂತರ ನೋಡುತ್ತಾಳೆ. ರಕ್ತದಲ್ಲಿ, ಮೂತ್ರದಲ್ಲಿ ಅವೇ ಸಿಕ್ಕರೆ ಮುಂದೊಮ್ಮೆ ರೋಗವನ್ನು ಬೇಗ ಗುರುತಿಸಬಹುದೇನೋ.

"ಆಗ್ತೈತೇನು?"

"ಇನ್ನೂ ಗೊತ್ತಿಲ್ಲ ಅಜ್ಜಾ. ಅದಕ್ಕ ಹುಡುಕಾಕತ್ತೇವಿ."

ಈ 'ಗೊತ್ತಿಲ್ಲ' ಎಂಬ ಮಾತು ಮನಸ್ಸಿಗೆ ಹಿಡಿಸಿತು.

ಅವಳು ಬಂದ ಕೆಲಸ ಬೇರೆ. ಇಚಲಕರಂಜಿಯ ಮಗ್ಗಗಳಿಂದ ನಮ್ಮ ಕನ್ನಡದ ರೋಗಿಗಳು ಬರುತ್ತಾರೆ. ಗಡ್ಡೆಯ ತುಣುಕನ್ನು ಅಧ್ಯಯನಕ್ಕೆ ಕೊಡುವ ಒಪ್ಪಿಗೆಪತ್ರ ಇರುವುದು ಇಂಗ್ಲಿಷ್, ಮರಾಠಿಯಲ್ಲಿ. ತಿಳಿಯದೆ ಸಹಿ ಮಾಡುತ್ತಾರೆ. ಕನ್ನಡದಲ್ಲಿ ಬರೆದುಕೊಡಿ ಎಂದಳು. ಒಪ್ಪಿದೆ.

ಹೊರಡುವಾಗ ದನಿ ತಗ್ಗಿಸಿ, "ಅಜ್ಜಿಗೆ ಹೇಳೀರೇನು?" ಇಲ್ಲವೆಂದು ತಲೆಯಾಡಿಸಿದೆ. ಚೀಲ ಹೆಗಲಿಗೇರಿಸಿ ಹೊರಟುಹೋದಳು. ಏನಾದರೂ ಅಂದಿದ್ದರೆ ಚೆನ್ನಾಗಿತ್ತು.

೬ ಜೂನ್, ಶುಕ್ರವಾರ

ಅನುವಾದ ಮುಗಿಯಿತು. ಹನ್ನೊಂದು ಪುಟ, ಸ್ವಹಸ್ತಾಕ್ಷರದಲ್ಲಿ. 'ಸಂಕೇತರಹಿತ ಲಘು ನ್ಯೂಕ್ಲಿಯಿಕಾಮ್ಲಗಳ ಪಾತ್ರಾನ್ವೇಷಣಾರ್ಥವಾಗಿ ಭವದೀಯ ಅಂಗಾಂಶಖಂಡವನ್ನು ಸ್ವೇಚ್ಛಾಪೂರ್ವಕವಾಗಿ ಅರ್ಪಿಸತಕ್ಕದ್ದು' — ಈ ವಾಕ್ಯ ತೂಕವಾಗಿ ಬಂದಿದೆ. ಸೋನಲ ಫೋನಿನಲ್ಲಿ ಹಟ ಹಿಡಿದದ್ದರಿಂದ ರೋಗದ ಹೆಸರು ಮಾತ್ರ ಎಲ್ಲರಿಗೂ ತಿಳಿಯುವಂತೆ 'ಕ್ಯಾನ್ಸರ್' ಎಂದೇ ಮೂರು ಕಡೆ ಉಳಿದಿದೆ.

ನಲವತ್ತೈದು ವರ್ಷದಿಂದ ನಮ್ಮ ಮನೆಯ ಕ್ರಮವೊಂದಿದೆ. ನಾನು ನಕಲು ಮಾಡಿದ್ದನ್ನು ಗಟ್ಟಿಯಾಗಿ ಓದುವುದು. ಶಾಲನ ಮೂಲದ ಮೇಲೆ ಬೆರಳಿಟ್ಟು ಹಿಂಬಾಲಿಸುವುದು. ಬಿಟ್ಟದ್ದು, ಕೂಡಿಸಿದ್ದು ಕಂಡರೆ ಅಂಚಿನಲ್ಲಿ ಪೆನ್ಸಿಲಿನಿಂದ ಗುರುತು. ಇಂದೂ ಕನ್ನಡಕ ಒರೆಸಿಕೊಂಡು ಬಂದು ಕುಳಿತಳು.

"ಇದು ಬ್ಯಾಡ. ಸೋನಲಂದು ಆಫೀಸ್ ಕಾಗದ. ಅರ್ಜೆಂಟ್ ಐತಿ."

"ನನ್ನ ಕಣ್ಣು ಹೋದೂವೇನ್ರಿ?"

"ಹಂಗಲ್ಲ..."

ಬೆರಳನ್ನು ಮಡಿಲಲ್ಲಿ ಮಡಿಸಿಕೊಂಡಳು. ಎದ್ದು ಹೋಗಿ ಅಕ್ಕಿ ಆರಿಸತೊಡಗಿದಳು. ಆರಿಸಿಟ್ಟ ಅಕ್ಕಿಯನ್ನೇ ಮತ್ತೊಮ್ಮೆ.

೯ ಜೂನ್, ಸೋಮವಾರ. ಇಚಲಕರಂಜಿಯಿಂದ ಮರಳಿ

ಎಸ್‌ಟಿ ಬಸ್ಸು ಹಿಡಿದು ಇಚಲಕರಂಜಿ. ಅಲ್ಲಿಂದ ಸೋನಲಳ ಸ್ಕೂಟಿಯ ಹಿಂದೆ ಕುಳಿತು ಯಡ್ರಾವ. ಪತ್ರವನ್ನು ಒಪ್ಪಬೇಕಾದ ನೀತಿಸಮಿತಿಗೆ ಕಳಿಸುವ ಮೊದಲು ಕನ್ನಡದ ರೋಗಿಯೊಬ್ಬರ ಮುಂದೆ ಓದಿ, ತಿಳಿಯಿತೋ ಇಲ್ಲವೋ ನೋಡಬೇಕಂತೆ.

ಯಲಗೂರಪ್ಪ ಎಂದು ಹೆಸರು. ರಬಕವಿಯ ಕಡೆಯವರು. ಪವರ್‌ಲೂಮ್ ಕೆಲಸ, ಐವತ್ತರ ಆಸುಪಾಸು. ಅವರಿಗೆ ರೋಗ ಎಡ ಮೂತ್ರಪಿಂಡದಲ್ಲಿ. ಆಸ್ಪತ್ರೆ ನಾವು ಹೋದದ್ದೇ, ಶಸ್ತ್ರಕ್ರಿಯೆಯ ದಿನ ಮಾತ್ರ ಬೇರೆ. ಹೆಂಡತಿ ತಂಗೆವ್ವ ನೂಲಿನ ಕಂಡಿಕೆ ಸುತ್ತುವ ಕೆಲಸ ಬಿಟ್ಟು ಬಂದು ಚಹಾ ಇಟ್ಟಳು. ಮಗ್ಗದ ಶಬ್ದ ಗೋಡೆಯಲ್ಲಿಯೂ ನೆಲದಲ್ಲಿಯೂ.

ವಿರಾಮಸ್ಥಾನ ತಪ್ಪದಂತೆ ಹನ್ನೊಂದೂ ಪುಟ ಓದಿದೆ. ತಲೆಯೆತ್ತಿದರೆ ಯಲಗೂರಪ್ಪ ಕೈಮುಗಿದು ಕುಳಿತಿದ್ದರು.

"ಭಾಳ ಛಲೋ ಅಂದ್ರಿ ಅಜ್ಜಾರ. ಇನ್ನ ಪ್ರಸಾದ ಏನರ ಐತೇನ್ರಿ?"

ತಂಗೆವ್ವ ಸೆರಗು ಬಾಯಿಗೆ ಹಿಡಿದಳು. "ಸುಮ್ಮ ಕುಂದರ್ರಿ. ಶಾಣ್ಯಾ ಮಂದಿ ಅದಾರ."

"ಅಲ್ಲಬೇ, ಗುಡಿಯಾಗ ಮಂತ್ರ ಅಂದಂಗ ಆತು. ಎದಕ್ಕ ಸಹಿ ಮಾಡಬೇಕಂತ ತಿಳೀಲಿಲ್ಲ. ಆ ಕಿಡ್ನಿ ನಿಮ್ಮ ಹೆಸರಿಗೆ ಬರದು ಕೊಡಬೇಕೇನ್ರಿ?"

ಸೋನಲ ಬೇರೆ ಕಡೆ ಮುಖ ತಿರುಗಿಸಿ ನಕ್ಕಳು. ನಾನು ಹಾಳೆಗಳನ್ನು ಜೋಡಿಸಿ ಮಡಚಿದೆ. ಆಮೇಲೆ ಅವಳೇ ಮರಾಠಿ ಕನ್ನಡ ಬೆರೆಸಿ, ಸಣ್ಣ ಆರ್‌ಎನ್ಎ ಏನೂ ಕಟ್ಟುವುದಿಲ್ಲ, ಕಟ್ಟುವುದನ್ನು ನಿಲ್ಲಿಸುತ್ತದೆ ಎಂದು ವಿವರಿಸಿದಳು. ಯಲಗೂರಪ್ಪ ಎದ್ದು ನಮ್ಮನ್ನು ಮಗ್ಗದ ಬಳಿಗೇ ಕರೆದೊಯ್ದರು. ಶಬ್ದದ ನಡುವೆ ಕೂಗಿ ಹೇಳಿದರು:

"ಈ ಸಣ್ಣ ಮುಳ್ಳು ನೋಡ್ರಿ. ಫೋರ್ಕ್ ಅಂತೇವಿ. ಇದು ಒಂದು ಎಳಿ ಅರಿವಿ ಸುದ್ದಾ ನೇಯೂದಿಲ್ಲ. ಆದ್ರ ಅಡ್ಡನೂಲು ಹರೀತಂದ್ರ ಮಗ್ಗಾನ ನಿಂದರಸ್ತೈತಿ. ಇದು ಕೆಟ್ರ? ಮಗ್ಗ ನಿಂದ್ರೂದಿಲ್ಲ, ಖೋಡಿ ಅರಿವಿ ಬರಕೋತನ ಹೊಕ್ಕೈತಿ. ನನ್ನ ಕಿಡ್ನ್ಯಾಗ ಫೋರ್ಕ್ ಕೆಟ್ಟೈತಿ, ಹೌದಿಲ್ರಿ ಬಾಯಾರ?"

"ಹೌದ್ರಿ ಕಾಕಾ! ಕೆಲವು ಫೋರ್ಕ್ ಕೆಟ್ಟಿರ್ತಾವ. ಇನ್ನ ಕೆಲವು, ಛಲೋ ನಡಿಯೂ ಮಗ್ಗಾನ ಸುಮ್ಸುಮ್ನ ನಿಂದರಸ್ತಾವ."

"ಅಂಥವೂ ನಮ್ಮ ಶೆಡ್ಡಿನ್ಯಾಗ ಅದಾವ. ಜಾಬರ್ ಅಂತೇವಿ."

ಜಾಬರ್ ಎಂದರೆ ಮಗ್ಗಗಳ ಮೇಸ್ತ್ರಿ. ಎಲ್ಲರೂ ನಕ್ಕೆವು. ಮೇಸ್ತ್ರಿಯೂ ದೂರದಿಂದ ಕೈಯೆತ್ತಿ ನಕ್ಕ, ಏನೆಂದು ಕೇಳಿಸದೆ.

ಬಾಗಿಲಲ್ಲಿ ತಂಗೆವ್ವ ಕೇಳಿದಳು, "ನಿಮ್ಮ ಮನ್ಯಾಗ ಅಮ್ಮಾರಿಗೂ ಇದ ಐತಂತ ದವಾಖಾನ್ಯಾಗ ಕೇಳಿದ್ವಿರಿ. ಅವ್ರು ಏನಂತಾರ್ರಿ?"

"ಅವಳಿಗೆ ಇನ್ನೂ..."

ತಂಗೆವ್ವ ಅರ್ಥಮಾಡಿಕೊಂಡಳು. ಬೈಯಲಿಲ್ಲ. "ನಮ್ಮ ಮನ್ಯಾಗ ಮುಚ್ಚಿಡಾಕ ಜಾಗಾನ ಇಲ್ರಿ. ಒಂದ ಖೋಲಿ. ಡಾಕ್ಟರ್ ಹೇಳಿದ ದಿನ ಇಬ್ರೂ ಕೂಡಿ ಅತ್ವಿ. ಆಮ್ಯಾಲೆ ರೊಟ್ಟಿ ಬಡದೆ. ಇಬ್ರೂ ಉಂಡ್ವಿ."

ಒಂದು ಖೋಲಿ. ನನ್ನ ಮನೆಯಲ್ಲಿ ಏಳು.

೧೫ ಜೂನ್, ರವಿವಾರ. ಸಂಜೆ

ಆರು ದಿನ ಬರೆಯಲಿಲ್ಲ. ಬರೆದರೆ ಒಪ್ಪಿಕೊಳ್ಳಬೇಕಾಗುತ್ತಿತ್ತು.

ಬೆಳಿಗ್ಗೆ ಸೋನಲಳ ಫೋನ್. ಅಧ್ಯಯನಕ್ಕೆ ಶಾಲನಳ ತುಣುಕನ್ನೂ ತೆಗೆದುಕೊಳ್ಳಬಹುದೆಂದು ಅವಳ ಗೈಡ್ ಹೇಳಿದ್ದಾರೆ. ಆದರೆ ಕೇಳುವವಳು ಅದೇ ಪ್ರಯೋಗಶಾಲೆಯ ಗೆಳತಿ ರುಪಾಲಿ, ಇವಳಲ್ಲ.

"ನೀನೇ ಕೇಳಬಾರದೇನು?"

"ನಾ ಕೇಳಿದ್ರ ಅಜ್ಜಿ ಇಲ್ಲ ಅನ್ನೂದಿಲ್ಲ. ಅದಕ್ಕ ನಾ ಕೇಳಬಾರದು." ಮತ್ತೆ, "ಅಜ್ಜಾ, ರೋಗದ ಹೆಸರು ಗೊತ್ತಿಲ್ದ ಮಾಡಿದ ಸಹಿ ಸಹಿ ಅಲ್ಲ. ಹೇಳ್ರಿ. ಇಲ್ಲಾಂದ್ರ ಅಜ್ಜಿದು ಬ್ಯಾಡ."

ಅರಿಹಂತ ಪಕ್ಕದಲ್ಲಿದ್ದ. ಫೋನ್ ಕಿತ್ತುಕೊಂಡಂತೆ ತೆಗೆದುಕೊಂಡ. "ನಿನ್ನ ರಿಸರ್ಚ್ ದೊಡ್ಡದಾತೇನ ಅವ್ವನಕಿಂತ? ದೊಡ್ಡವ್ವ ಹೆಂಗ ಹೋದ್ಲು ನಾ ನೋಡೇನಿ!" ಕಣ್ಣು ತುಂಬಿದ್ದವು ಅವನಿಗೆ. ಐವತ್ತರ ಹತ್ತಿರದ ಗಂಡಸು, ಹಿತ್ತಲಿಗೆ ಹೋಗಿ ನಲ್ಲಿ ಬಿಟ್ಟು ಮುಖ ತೊಳೆದ.

ಇಬ್ಬರೂ ಸರಿ. ಹಾಗೆ ಅಂದುಕೊಂಡು ನಾನು ಮೂರನೆಯ ದಾರಿ ಹುಡುಕಿದೆ. ಅದು ಇಬ್ಬರ ದಾರಿಗಿಂತಲೂ ಕೆಟ್ಟದು. ಒಪ್ಪಿಗೆಪತ್ರದಲ್ಲಿ ರೋಗದ ಹೆಸರು ಬಂದ ಮೂರೂ ಕಡೆ, ಅಕ್ಷರಗಳ ನೆತ್ತಿಯ ಮೇಲೆ ಚುಕ್ಕೆಯಿಟ್ಟೆ. ಓದುವಾಗ ನಾಲಿಗೆ ಎಡವಬಾರದಲ್ಲ. ಹೆಸರು ಪತ್ರದಲ್ಲಿದೆ — ಅಸತ್ಯವಿಲ್ಲ. ಓದಲಿಲ್ಲ — ಆಘಾತವಿಲ್ಲ. ಹೀಗೆಲ್ಲ.

ಮೂರು ಗಂಟೆಗೆ ಶಾಲನಳನ್ನು ಕೂಡಿಸಿ ಓದಿದೆ. ಚುಕ್ಕೆ ಬಂದಲ್ಲಿ ಜಾರಿದೆ. ಅವಳು ಕಣ್ಣು ಮುಚ್ಚಿ ಕೇಳಿದಳು.

"ಅಲ್ಲೆ ವ್ಯಾಸಪೀಠದ ಮ್ಯಾಲೆ ಇಡ್ರಿ" ಎಂದಳು. "ನಾಳೆ ಹೇಳ್ತೀನಿ."

೧೬ ಜೂನ್, ಸೋಮವಾರ. ಬೆಳಿಗ್ಗೆ ೯

ಆದದ್ದನ್ನು ಆದಂತೆ ಬರೆಯುವೆ.

ಅಭಿಷೇಕ ಮುಗಿಸಿ ಬಂದೆ. ವ್ಯಾಸಪೀಠದ ಮೇಲೆ ಪತ್ರ ಬಿಚ್ಚಿತ್ತು. ಮೂರು ಕಡೆ, ಅಂಚಿನಲ್ಲಿ, ಪೆನ್ಸಿಲಿನ ಗುರುತು. ಕೊನೆಯ ಪುಟದ ಕೆಳಗೆ ಅವಳ ದುಂಡನೆಯ ಅಕ್ಷರ — 'ಓದದೆ ಬಿಟ್ಟದ್ದು: ಮೂರು.'

ನಲವತ್ತೈದು ವರ್ಷ ಚುಕ್ಕೆಗಳ ಜೊತೆ ಬಾಳಿದವಳು. ಅವಳಿಂದ ಮರೆಮಾಡಲು ಅವಳೇ ಎಲ್ಲರಿಗಿಂತ ಚೆನ್ನಾಗಿ ಬಲ್ಲ ಗುರುತನ್ನು ಬಳಸಿದೆನಲ್ಲ! ಇದು ಪೆದ್ದುತನವೋ, ಸಿಕ್ಕಿಬೀಳಬೇಕೆಂದು ಒಳಗೆ ಕುಳಿತವನು ಯಾರೋ ಬೇಡಿದ್ದೋ.

ಒಲೆಯ ಮುಂದೆ ಇದ್ದಳು. ಬಾಗಿಲಲ್ಲಿ ನಿಂತೆ. ತಿರುಗಿ ನೋಡದೆಯೇ ಹೇಳಿದಳು:

"ಗುರುತು ಬರೋಬ್ಬರಿ ಅದಾವಲ್ರಿ? ಹೆಚ್ಚುಕಡಿಮಿ ಇದ್ರ ಹೇಳ್ರಿ."

"ಶಾಲನಾ..."

"ನೀರಿನ ಗುಳ್ಳಿಗೆ ಯಾರರ ಮೂರು ಸಲ ರಕ್ತ ತಗೀತಾರೇನ್ರಿ? ಅರಿಹಂತ ಅವತ್ತಿನಿಂದ ದಿನಾ ಮಾವಿನಹಣ್ಣು ತರ್ತಾನ. ಚಿಕ್ಕಂದಿನಿಂದ ನನಗ ಒಂದು ಕಡ್ಲಿ ಬೆಲ್ಲ ತಂದುಕೊಟ್ಟಾಂವಲ್ಲ. ನೀವರ? ಹಾಸಿಗಿ ಮಡಚಾಕತ್ತೀರಿ. ಐವತ್ತು ವರ್ಷದಾಗ ಒಂದು ಕೌದಿ ಮಡಚೀರೇನು?"

"ಮತ್ತೆ... ಕೇಳಲಿಲ್ಲ ಯಾಕೆ?"

ಆಗ ತಿರುಗಿದಳು. ಕಣ್ಣು ಒಣಗಿಯೇ ಇದ್ದವು. "ನೀವು ಹೇಳೂ ತನಕ ತಡೀಬೇಕಂದ್ಕೊಂಡೆ. ನಿಮ್ಮ ವ್ರತ ನಿಮ್ಮ ಕೈಯಾರ ಉಳೀಬೇಕಿತ್ತು. ನಾ ಕೇಳಿ ಬಿಡಿಸಿದ್ರ ಅದು ನಿಮ್ಮ ಸತ್ಯ ಹೆಂಗ ಆಕ್ಕಿತ್ತು?"

ಇಪ್ಪತ್ತು ದಿನ. ನಾನು ಅವಳನ್ನು ಕಾಯುತ್ತಿದ್ದೇನೆಂದು ತಿಳಿದಿದ್ದೆ. ಅವಳು ನನ್ನನ್ನು ಕಾಯುತ್ತಿದ್ದಳು.

ನೆಲದ ಮೇಲೆ ಕುಳಿತೆ. ಹೇಳಿದೆ. ಕ್ಯಾನ್ಸರ್, ಬಲ ಮೂತ್ರಪಿಂಡ, ನಾಲ್ಕೂವರೆ ಸೆಂಟಿಮೀಟರ್, ಇಪ್ಪತ್ನಾಲ್ಕನೆಯ ತಾರೀಖು. ಡಾಕ್ಟರ್ ಹೇಳಿದ್ದರಲ್ಲಿ ಒಂದಕ್ಷರ ಬಿಡಲಿಲ್ಲ. ಅವಳೂ ಅಕ್ಕನಂತೆ ಅನ್ನ ಬಿಟ್ಟಾಳೆಂಬ ನನ್ನ ಹೆದರಿಕೆಯನ್ನೂ ಹೇಳಿದೆ. ಕ್ಷಮೆ ಬೇಡಿದೆ.

ಅವಳು ಹೇಳಿದ್ದನ್ನು ಇಲ್ಲಿ ಜೋಪಾನವಾಗಿ ಇಡುತ್ತೇನೆ:

"ಅಕ್ಕನ ರೋಗ ಹೊಟ್ಟಿ ತುಂಬ ಹಬ್ಬಿತ್ತು. ಔಷಧ ಇದ್ದಿದ್ದಿಲ್ಲ. ಅಕಿ ಅನ್ನ ಬಿಟ್ಟದ್ದು ಧರ್ಮ. ನನಗ ಔಷಧ ಐತಿ. ಔಷಧ ಇದ್ದೂ ಉಪವಾಸ ಕುಂತ್ರ ಅದು ವ್ರತ ಅಲ್ರಿ, ಹಟ. ಇಷ್ಟು ಶಾಸ್ತ್ರ ಓದೀರಿ, ನನ್ನ ಇಷ್ಟೂ ಓದಲಿಲ್ಲೇನು?"

ಆಮೇಲೆ ಅವಳೇ, "ಏಳ್ರಿ, ಮಣಕಾಲು ಹಿಡೀತಾವ" ಎಂದು ಕೈ ಕೊಟ್ಟಳು.

ಅದೇ ದಿನ, ಮಧ್ಯಾಹ್ನ

ಅರಿಹಂತನಿಗೆ ಅವಳೇ ಹೇಳಿದಳು. "ಮಾವಿನಹಣ್ಣು ಸಾಕಪಾ. ಜೀವಕ್ಕ ಬ್ಯಾಸರಾತು." ಮಗ ಅವಳ ಮಡಿಲಲ್ಲಿ ತಲೆಯಿಟ್ಟು ಅತ್ತ. ನಾನು ಹೊರಗೆ ಬಂದು ತುಳಸಿಗೆ ನೀರು ಹಾಕಿದೆ. ಬೆಳಿಗ್ಗೆಯೇ ಹಾಕಿದ್ದೆ.

೧೮ ಜೂನ್, ಬುಧವಾರ

ತುಣುಕು ಕೊಡುವೆನೆಂದಿದ್ದಾಳೆ. ಷರತ್ತು ಒಂದು — ಈ ಪತ್ರಕ್ಕೆ ಸಹಿಯಿಲ್ಲ. "ಆ ಮಗ್ಗದಾಂವಗ ತಿಳಿಯೂ ಹಂಗ ಬರೀರಿ. ಅವಗ ತಿಳದ್ರ ನನಗೂ ತಿಳೀತೈತಿ."

ಎರಡು ದಿನದಿಂದ ಇಬ್ಬರೂ ಕುಳಿತು ಬರೆಯುತ್ತಿದ್ದೇವೆ. ನಾನೊಂದು ಸಮಾಸ ಕಟ್ಟಿದರೆ ಅವಳು ಬಿಚ್ಚುತ್ತಾಳೆ. "ಅಂಗಾಂಶಖಂಡ ಅಂದ್ರ?" — "ಮಾಂಸದ ತುಣುಕು." — "ಮತ್ತ ಹಂಗ ಬರೀರಿ. ಯಾರಿಗಿ ಅಂಜತೀರಿ?"

ಹನ್ನೊಂದು ಪುಟ ಮೂರಾಯಿತು. ಒಂದು ಭಾಗ:

'ನಿಮಗ ಕಿಡ್ನಿ ಕ್ಯಾನ್ಸರ್ ಐತಿ. ಡಾಕ್ಟರ್ ಆಪರೇಶನ್ ಮಾಡಿ ಗಡ್ಡಿ ತಗೀತಾರ. ತಗದ ಮ್ಯಾಲೆ ಅದರಾಗಿಂದ ಅವರಿಕಾಳಿನಷ್ಟು, ಬಾಜೂಕಿನ ಛಲೋ ಭಾಗದ್ದು ಅಷ್ಟ, ನಮಗ ಕೊಡ್ರಿ ಅಂತ ಕೇಳಾಕತ್ತೇವಿ. ಅದರಾಗ ಭಾಳ ಸಣ್ಣ ಆರ್‌ಎನ್ಎ ಅಂತ ಇರ್ತಾವ. ಅವು ಮಗ್ಗದ ಫೋರ್ಕ್ ಇದ್ದಂಗ — ತಾವು ಏನೂ ನೇಯೂದಿಲ್ಲ, ಆದ್ರ ನೇಯೂದನ್ನ ನಿಂದರಸ್ತಾವ. ಅವು ಎಲ್ಲೆ ಕೆಟ್ಟಾವ ಅಂತ ನಾವು ನೋಡವ್ರು. ಇದರಿಂದ ನಿಮಗ ಏನೂ ಲಾಭ ಇಲ್ಲ. ಮುಂದ ಬರವ್ರಿಗೆ ಆದ್ರ ಆದೀತು. ಬ್ಯಾಡ ಅಂದ್ರ ಬ್ಯಾಡ. ನಿಮ್ಮ ಉಪಚಾರ ಹೆಂಗಿದ್ರೂ ನಡೀತೈತಿ.'

ಕನ್ನಡ ಮೇಷ್ಟರಾಗಿ ಮೂವತ್ತಾರು ವರ್ಷ ಮಕ್ಕಳ ಇಂಥ ಬರವಣಿಗೆಗೆ ಕೆಂಪು ಗೆರೆ ಎಳೆದವನು. ಇಂದು ಗೆರೆಯೆಳೆಯಲು ಒಂದು ಜಾಗವೂ ಕಾಣಲಿಲ್ಲ.

ಆಮೇಲೆ ಅವಳು ಬೆರಳಿಟ್ಟಳು, ನಾನು ಓದಿದೆ. ಎಲ್ಲವನ್ನೂ.

೨೩ ಜೂನ್, ಸೋಮವಾರ. ಕೊಲ್ಹಾಪುರ

ಸಮಿತಿ ಶುಕ್ರವಾರವೇ ಪತ್ರವನ್ನು ಒಪ್ಪಿತಂತೆ. ಯಲಗೂರಪ್ಪನವರು ಕೇಳಿ, "ಈಗ ತಿಳೀತು. ಆದ್ರ ಪ್ರಸಾದ ಇನ್ನೂ ಬಂದಿಲ್ಲ" ಎಂದು ಸಹಿ ಹಾಕಿದರಂತೆ.

ಇಂದು ವಾರ್ಡಿನಲ್ಲಿ ರುಪಾಲಿ ಶಾಲನಳ ಮಂಚದ ಪಕ್ಕದಲ್ಲಿ ಕುಳಿತು ಓದಿದಳು. ಸೋನಲ ಹೊರಗೆ, ಮೆಟ್ಟಿಲಿನ ಮೇಲೆ. ಶಾಲನ ಒಂದೇ ಪ್ರಶ್ನೆ ಕೇಳಿದಳು:

"ಇದಕ್ಕ ಇಲಿ ಮೊಲ ಏನರ ಕೊಲ್ತೀರೇನವಾ?"

"ಇಲ್ಲ ಆಜಿ. ಈ ಅಧ್ಯಯನದಾಗ ಬರೇ ಮಂದಿ ಕೊಟ್ಟ ತುಣುಕು, ರಕ್ತ, ಮೂತ್ರ. ಪ್ರಾಣಿ ನಾಹೀತ್, ಒಂದೂ ಇಲ್ಲ."

"ಮುಂದ ಯಾರರ ನನ್ನ ತುಣುಕು ಒಯ್ದು ಇಲಿಗಿ ಹಾಕಿದ್ರ?"

ಹುಡುಗಿ ತಡವರಿಸಲಿಲ್ಲ, ಗೈಡಿಗೆ ಫೋನ್ ಮಾಡಿದಳು. 'ಈ ಅಧ್ಯಯನ ಬಿಟ್ಟು ಬೇರೆ ಯಾವುದಕ್ಕೂ ಬಳಸಬಾರದು' ಎಂಬ ಸಾಲಿನ ಮುಂದೆ ಗುರುತು ಹಾಕಲು ಪತ್ರದಲ್ಲಿಯೇ ಜಾಗವಿತ್ತು. ಶಾಲನ ಗುರುತು ಹಾಕಿದಳು. ಆಮೇಲೆ ಸಹಿ — ಪೂರ್ಣ ಹೆಸರು, ತಂದೆಯ ಮನೆಯ ಹೆಸರೂ ಸೇರಿಸಿ.

"ಲಾಭ ಇಲ್ಲ ಅಂತ ಐತಲ್ಲ, ಅದು ನನಗ ಭಾಳ ಸೇರಿತು. ತಿರುಗಿ ಬರೂದಿಲ್ಲ ಅಂತ ಗೊತ್ತಿದ್ದು ಕೊಟ್ರನ ದಾನ."

೨೪ ಜೂನ್, ಮಂಗಳವಾರ. ಬೆಳಿಗ್ಗೆ ೭-೧೦

ಒಳಗೆ ಕರೆದೊಯ್ದರು. ಣಮೋಕಾರ ಮಂತ್ರ ಹೇಳಿಕೊಳ್ಳುತ್ತಿದ್ದಳು. ಬಾಗಿಲ ಬಳಿ ನಿಲ್ಲಿಸಿ, "ಗುಳಗಿ ತಗೊಂಡ್ರೇನು ಬಿಪಿದು?" — ನನ್ನನ್ನು ಕೇಳಿದಳು.

೧೦-೪೦

ಏನೂ ಇಲ್ಲ. ತಂಗೆವ್ವ ಬಂದಿದ್ದಾಳೆ, ಇಚಲಕರಂಜಿಯಿಂದ, ಕೆಲಸ ಬಿಟ್ಟು. ಅವರ ದಿನ ಬರುವ ಸೋಮವಾರ. ಪಕ್ಕದಲ್ಲಿ ಕುಳಿತಿದ್ದಾಳೆ. ಅರಿಹಂತ ಗೋಡೆ ಹಿಡಿದು ನಿಂತಿದ್ದಾನೆ.

೧೧-೨೫

ರುಪಾಲಿ ಓಡಿದಳು — ಬಿಳಿಯ ಚಳಿಯಾವಿ ಉಗುಳುವ ಡಬ್ಬಿ ಹಿಡಿದು. ಆ ಸಣ್ಣ ಆರ್‌ಎನ್ಎಗಳು ಕ್ಷಣದಲ್ಲಿ ಕೆಡಬಹುದಂತೆ. ನನ್ನ ಮನೆಯವಳ ಅವರೆಕಾಳಿನಷ್ಟು ಭಾಗ ನನ್ನೆದುರೇ ಓಡಿಹೋಯಿತು. ಎದ್ದು ನಿಂತು ಕೈಮುಗಿದೆ. ಯಾರಿಗೆ ಎಂದು ತಿಳಿಯದು.

ಸೋನಲ ಮೆಟ್ಟಿಲಿನಿಂದ ಬಂದು ನನ್ನ ಭುಜಕ್ಕೆ ಹಣೆಯಿಟ್ಟಳು. "ಅದರ ನಂಬರ್ ಏನಂತ ನನಗ ಹೇಳೂದಿಲ್ಲ ಅಜ್ಜಾ. ಲ್ಯಾಬಿನ್ಯಾಗ ನನ್ನ ಕೈಗೆ ಬರ್ತೈತಿ, ಆದ್ರ ಅಜ್ಜಿದು ಯಾವುದಂತ ನನಗ ಗೊತ್ತಾಗೂದ ಇಲ್ಲ."

"ಹಾಗಿದ್ದರೆ ಎಲ್ಲವನ್ನೂ ಅಜ್ಜಿಯದೆಂದೇ ಹಿಡಿ."

೧-೧೫

ಹೊರಗೆ ಬಂದರು ಡಾ. ಸಾಯಲಿ. ಸುಖರೂಪ. ಇನ್ನೊಂದು ಮೂತ್ರಪಿಂಡ ಚೆನ್ನಾಗಿದೆ. ಉಳಿದದ್ದು ರಿಪೋರ್ಟ್ ಬಂದ ಮೇಲೆ. ಹಬ್ಬಿದೆಯೋ ಇಲ್ಲವೋ ಅದರಲ್ಲಿಯೇ.

೪ ಜುಲೈ, ಶುಕ್ರವಾರ. ಗಡಹಿಂಗ್ಲಜ. ಸಂಜೆ

ಹತ್ತು ದಿನದ ಅಂತರ. ಆಸ್ಪತ್ರೆ, ಎಸ್‌ಟಿ, ಗಂಜಿ, ಔಷಧಿ. ಶುಶ್ರೂಷೆ ಕಲಿತೆ, ಕೌದಿ ಮಡಚುವುದನ್ನೂ ಸರಿಯಾಗಿ ಕಲಿತೆ ಎಂದು ಅವಳ ಅಭಿಪ್ರಾಯ.

ಇಂದು ಅರಿಹಂತ ಕೊಲ್ಹಾಪುರದಿಂದ ರಿಪೋರ್ಟ್ ತಂದ. ಮುಚ್ಚಿದ ಲಕೋಟೆ. ಜಗಲಿಯಲ್ಲಿ ಕುಳಿತಿದ್ದ ನನ್ನನ್ನು ದಾಟಿ, ನೇರವಾಗಿ ಒಳಗೆ ಹೋಗಿ ತಾಯಿಯ ಕೈಯಲ್ಲಿ ಇಟ್ಟ. "ಅವ್ವಾ, ನಿಂದು. ನೀನ ಒಡಿ." ಹಿಂದೆ ಸರಿದು ಬಾಗಿಲಿಗೆ ಆತು ನಿಂತ.

ಒಡೆದಳು. ಇಂಗ್ಲಿಷ್ ಹಾಳೆ, ಜೊತೆಗೆ ಸೋನಲ ಕನ್ನಡದಲ್ಲಿ ಬರೆದ ಚೀಟಿ. ಕನ್ನಡಕ ಹಾಕಿ, ಬೆರಳಿಟ್ಟು, ಸಾಲು ಸಾಲಾಗಿ ಓದಿದಳು. ಮುಖದಲ್ಲಿ ಏನೂ ಕಾಣಲಿಲ್ಲ. ಚೀಟಿ ಮಡಚಿ ಮಡಿಲಲ್ಲಿ ಇಟ್ಟುಕೊಂಡಳು.

"ಏನು ಬರೆದಿದ್ದಾಳೆ?"

ಕನ್ನಡಕ ತೆಗೆದು ಸೆರಗಿನಿಂದ ಒರೆಸತೊಡಗಿದಳು.

"ಶಾಲನಾ, ಹೇಳು."

"ತಡೀರಿ. ನೀವು ಇಪ್ಪತ್ತು ದಿನ ಹೇಳಲಿಲ್ಲ. ನಾ ಒಂದು ನಿಮಿಷ ತಡೀಬಾರದೇನು?"

ಅರಿಹಂತ ಅಳುವಂತಾಗಿ ನಕ್ಕ. ನಾನು ಗೋಡೆಯ ಗಡಿಯಾರ ನೋಡಿದೆ. ನಿಜಕ್ಕೂ ಒಂದು ನಿಮಿಷ ಕಾಯಿಸಿದಳು. ಸೆಕೆಂಡಿನ ಮುಳ್ಳು ಒಂದು ಸುತ್ತು ಬರುವಷ್ಟರಲ್ಲಿ ಇಪ್ಪತ್ತು ದಿನ ಅವಳು ಹೇಗೆ ಕುಳಿತಿದ್ದಳೆಂಬುದು ನನಗೆ ತಿಳಿಯಿತು.

ಆಮೇಲೆ ಚೀಟಿಯನ್ನು ನನಗೆ ಕೊಟ್ಟಳು. 'ಗಡ್ಡೆ ಕಿಡ್ನಿಯೊಳಗೇ ಇತ್ತು. ಕತ್ತರಿಸಿದ ಅಂಚಿನಲ್ಲಿ ರೋಗವಿಲ್ಲ. ಹೊರಗೆ ಹಬ್ಬಿಲ್ಲ. ಆರು ತಿಂಗಳಿಗೊಮ್ಮೆ ತಪಾಸಣೆ, ತಪ್ಪಿಸಬಾರದು. ಮತ್ತೆ ಬರುವುದೇ ಇಲ್ಲವೆಂದು ಹೇಳಲಾಗದು ಅಜ್ಜಿ. ಆದರೆ ಇವತ್ತಿನ ಸುದ್ದಿ ಒಳ್ಳೆಯದು.' ಗೊತ್ತಿರುವಷ್ಟೇ ಬರೆದಿದ್ದಾಳೆ, ನನ್ನ ಮೊಮ್ಮಗಳು.

ತಂಗೆವ್ವಳಿಗೆ ಫೋನ್ ಮಾಡಿದೆವು. ಅವರದು ಅಷ್ಟು ಸುಲಭವಲ್ಲ. ರೋಗ ರಕ್ತನಾಳದ ಬಾಯಿಗೆ ಮುಟ್ಟಿತ್ತಂತೆ; ಗಡ್ಡೆ ತೆಗೆದಿದ್ದಾರೆ, ಮುಂದೆ ಔಷಧ ಬೇಕಾಗಬಹುದು. ಶಾಲನಳೇ ಮಾತಾಡಿದಳು. ಬಹಳ ಹೊತ್ತು. ಯಲಗೂರಪ್ಪನವರ ದನಿ ಹಿಂದಿನಿಂದ ಕೇಳಿಸಿತು, ಕ್ಷೀಣವಾಗಿ — "ಅಜ್ಜಾರಿಗೆ ಹೇಳು, ಬಂದು ಮತ್ತೊಮ್ಮೆ ಆ ಹಳೇ ಮಂತ್ರ ಓದ್ರಿ ಅನ್ನು. ನಿದ್ದಿ ಛಲೋ ಹತ್ತಿತ್ತು."

ಬರುವ ವಾರ ಇಬ್ಬರೂ ಹೋಗಬೇಕು. ಹೋಗಿ ಕುಳಿತುಕೊಳ್ಳಬೇಕು.

ಇಷ್ಟು ಬರೆದು ಈ ಪ್ರಕರಣವನ್ನು ಮುಗಿಸುತ್ತೇನೆ. ಡಾಕ್ಟರ್ ಸಾಯಲಿಯವರ ಕೈಗೆ ಸ್ಥೈರ್ಯವಿರಲಿ. ಸೋನಲ, ರುಪಾಲಿಯರ ಕಣ್ಣಿಗೆ ಆ ಸೂಕ್ಷ್ಮವಾದವು ನಿಜವನ್ನೇ ತೋರಲಿ. ತೋರದಿದ್ದರೆ ತೋರಲಿಲ್ಲವೆನ್ನುವ ಧೈರ್ಯ ಅವರಿಗಿರಲಿ. ಯಲಗೂರಪ್ಪನವರು ಎದ್ದು ನಡೆಯಲಿ, ತಂಗೆವ್ವ ಅವರ ಜೊತೆ ಕೂಡಿ ಉಣ್ಣಲಿ. ಅರಿಹಂತನ ಎದೆ ಹಗುರಾಗಲಿ. ನಾಳೆ ಈ ರೋಗ ಹೊತ್ತು ಬರಲಿರುವ, ನಾವು ಕಾಣದ ಜೀವಗಳಿಗೆಲ್ಲ ಹೇಳುವವರು ಸಿಗಲಿ, ಕೇಳಲು ಬಲ ಸಿಗಲಿ. ನನ್ನ ಶಾಲನಳಿಗೆ —

ಕರೆಯುತ್ತಿದ್ದಾಳೆ. ಹೊತ್ತು ಮುಳುಗಲು ಕಾಲು ಗಂಟೆಯೂ ಇಲ್ಲ, ಅಷ್ಟರೊಳಗೆ ಇಬ್ಬರೂ ಉಣ್ಣಬೇಕು. ನನ್ನ ಶಾಲನಳಿಗೆ ಒಳಿತಾಗಲಿ. ಎಲ್ಲ ಜೀವಗಳಿಗೂ —